ಮೌನ ನಿಲ್ದಾಣದಲ್ಲಿ ಮೈಕಣ್ಣ

ಎಲ್ಲಕ್ಕೂ ಕಾರಣ ಒಂದು ಲೋಟ ತಣ್ಣೀರು. ದೂರದ ಊರಿನಲ್ಲಿದ್ದ ಅಕ್ಕನ ಮನೆಗೆ ಬಂದವನು ಅವಳ ಹೊಸ ಫ್ರಿಜ್ಜಿನ ಬಾಗಿಲು ತೆರೆದು, ಅಲ್ಲೇ ನಿಂತು, ಮೈಕಣ್ಣ ಆ ನೀರನ್ನು ಗಟಗಟ ಕುಡಿದ. ಮರುದಿನ ಬೆಳಿಗ್ಗೆ ಎದ್ದು "ಅಕ್ಕಾ" ಎಂದು ಕರೆದರೆ, ಹೊರಬಂದ ಸ್ವರ ಎಣ್ಣೆ ಕಾಣದ ಗೇಟು ತೆರೆದ ಹಾಗಿತ್ತು.

ಬೇರೆಯವರಿಗಾದರೆ ಇದು ಬರೀ ನೆಗಡಿ. ಮೈಕಣ್ಣನಿಗೆ ಹೊಟ್ಟೆಪಾಡಿನ ಪ್ರಶ್ನೆ. ತನ್ನೂರಿನ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿ ಹೇಳುವುದು ಅವನ ಉದ್ಯೋಗ. ಕರೆಂಟು ಹೋದ ದಿನಗಳಲ್ಲಿ ಮೈಕಿಲ್ಲದೆ ಕೂಗಿದರೂ ಗೇಟು ದಾಟಿದ ಡ್ರೈವರು ಬ್ರೇಕು ಹಾಕುತ್ತಿದ್ದ. ಅವನಿಗೆ ತಂದೆತಾಯಿ ಇಟ್ಟ ಹೆಸರು ಏನೆಂದು ಸಂಬಳದ ದಿನ ಗುಮಾಸ್ತರಿಗೆ ಮಾತ್ರ ನೆನಪಾಗುತ್ತಿತ್ತು.

ಆ ಉದ್ಯೋಗಕ್ಕೇ ಈಗ ಕುತ್ತು ಬಂದಿತ್ತು. ನಿಲ್ದಾಣಕ್ಕೆ ಹೊಸ ಮುಖ್ಯ ಅಧಿಕಾರಿ ಬರುವವರಿದ್ದರು. ಅವರಿಗೆ ತೋರಿಸಲೆಂದು ಒಂದು ಕಂಪನಿ ತಾನೇ ಮಾತಾಡುವ ಯಂತ್ರವೊಂದನ್ನು ತಂದು ಇಟ್ಟಿತ್ತು. ಅದರೊಳಗಿಂದ ಒಬ್ಬ ಹೆಂಗಸು, ಯಾರ ಮೇಲೂ ಪ್ರೀತಿಯಿಲ್ಲದ ದನಿಯಲ್ಲಿ, "ದಯವಿಟ್ಟು ಗಮನಿಸಿ" ಎನ್ನುತ್ತಿದ್ದಳು. ಮೈಕಣ್ಣ ಅವಳಿಗೆ ಯಂತ್ರದಮ್ಮ ಎಂದು ಹೆಸರಿಟ್ಟಿದ್ದ. ನಾಳೆ ಬೆಳಿಗ್ಗೆ ಅಧಿಕಾರಿಯ ಎದುರಿಗೆ ಒಂದು ಬಸ್ಸನ್ನು ಯಂತ್ರದಮ್ಮ ಕೂಗಬೇಕು, ಇನ್ನೊಂದನ್ನು ಮೈಕಣ್ಣ ಕೂಗಬೇಕು. ಯಾರ ಮಾತಿಗೆ ಜನ ಎದ್ದು ಹೊರಡುತ್ತಾರೋ ಕುರ್ಚಿ ಅವರದು.

ಗಂಟಲು ಕೆಟ್ಟ ಸುದ್ದಿ ಕೇಳಿದ ಹೆಂಡತಿ ಫೋನಿನಲ್ಲೇ ಆಜ್ಞೆ ಹೊರಡಿಸಿದಳು. "ನೋಡ್ರೀ, ನಾಳೆ ಮೈಕ್ ಮುಂದೆ ಕೂರೋವರೆಗೂ ಬಾಯಿ ಬಿಡಕೂಡದು. ಹಾಂ ಅಂತಾಗ್ಲಿ ಹೂಂ ಅಂತಾಗ್ಲಿ ಅನ್ನಕೂಡದು. ಗೊತ್ತಾಯ್ತಾ?"

"ಹೂಂ," ಎಂದ ಮೈಕಣ್ಣ.

"ಅಂದ್ರಲ್ಲಾ! ಈಗಷ್ಟೇ ಹೇಳಿದ್ನಲ್ಲಾ!"

ಅಲ್ಲಿಂದ ಮುಂದೆ ಅವನು ಬಾಯಿಗೆ ಬೀಗ ಹಾಕಿದ. ಮಾತಿನ ಜವಾಬ್ದಾರಿಯನ್ನೆಲ್ಲ ಭಾವ ವಹಿಸಿಕೊಂಡರು. ಅಕ್ಕನ ಗಂಡನಾದ ಅವರಿಗೆ ಇದು ಕಷ್ಟದ ಕೆಲಸವಾಗಿರಲಿಲ್ಲ; ಇನ್ನೊಬ್ಬರು ಸುಮ್ಮನಿರುವುದನ್ನೇ ಅವರು ಜೀವಮಾನವಿಡೀ ಕಾಯುತ್ತಿದ್ದರು. "ನಾಳೆ ನಿನ್ನ ಪರೀಕ್ಷೆಗೆ ನಾನಿಲ್ದೆ ಆಗುತ್ತೇನೋ?" ಎಂದು ತಾವೂ ಹೊರಟರು. ಬಸ್ಸು ಬೇಡ, ಬಸ್ಸಿನ ಗಾಳಿಗೆ ಗಂಟಲು ಇನ್ನೂ ಕೆಡುತ್ತದೆ ಎಂದು ವಿಮಾನದ ಟಿಕೆಟ್ಟು ತಂದರು. ಮೈಕಣ್ಣ ವಿಮಾನವನ್ನು ಕತ್ತೆತ್ತಿ ನೋಡಿದ್ದನೇ ಹೊರತು ಹತ್ತಿರಲಿಲ್ಲ. ಭಾವ ಒಮ್ಮೆ ಹತ್ತಿದ್ದರು. ಆ ಒಂದು ಸಲದ ಅನುಭವವನ್ನು ಅವರು ಇಂದಿಗೂ ಅರೆದು ಅರೆದು ಖರ್ಚು ಮಾಡುತ್ತಿದ್ದರು.

ವಿಮಾನ ನಿಲ್ದಾಣದ ಗಾಜಿನ ಬಾಗಿಲು ಇವರನ್ನು ಕಂಡು ತಾನೇ ತೆರೆದುಕೊಂಡಿತು. ಒಳಗಿನಿಂದ ಯಾರೋ ಬರುತ್ತಿರಬೇಕೆಂದು ಮೈಕಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಾರೂ ಬರಲಿಲ್ಲ, ಬಾಗಿಲು ಮುಚ್ಚಿತು. ಮುಂದೆ ಬಂದ, ತೆರೆಯಿತು. ಮತ್ತೆ ಸರಿದ, ಮುಚ್ಚಿತು.

"ಏನೋ ಅದು, ಬಾಗಿಲ ಜೊತೆ ಕಣ್ಣಾಮುಚ್ಚಾಲೆ? ಬಾರೋ ಒಳಗೆ!" ಎಂದು ಭಾವ ತೋಳು ಹಿಡಿದು ಎಳೆದರು.

ಒಳಗೆ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮೈಕಣ್ಣನಿಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುವ ಮನಸ್ಸಾಯಿತು. ಒಂದು ಕಡೆ ದಾರಿಯೇ ನಡೆಯುತ್ತಿತ್ತು, ಜನ ಅದರ ಮೇಲೆ ಅಂಗಡಿಯ ಗೊಂಬೆಗಳಂತೆ ನಿಂತು ಸಾಗುತ್ತಿದ್ದರು. ಅರಮನೆಯಷ್ಟು ಎತ್ತರದ ಸೂರು, ಕುಂಡಗಳಲ್ಲಿ ಮರಗಳು, ಒಂದೊಂದು ಕಂಬಕ್ಕೂ ಒಂದೊಂದು ಪರದೆ. ಎಲ್ಲ ಸರಿ, ಆದರೆ ಏನೋ ಇಲ್ಲ ಎಂದು ಅವನಿಗೆ ಅನ್ನಿಸತೊಡಗಿತು. ಬೀಗರ ಮನೆಯಲ್ಲಿ ಯಾರೋ ಮುನಿಸಿಕೊಂಡಿದ್ದಾರೆ, ಯಾರೆಂದು ಗೊತ್ತಾಗುತ್ತಿಲ್ಲ, ಅಂಥ ಕಸಿವಿಸಿ. ಕಿವಿಗೊಟ್ಟ. ಇಷ್ಟು ಸಾವಿರ ಜನ ಬಂದು ಹೋಗುವ ಜಾಗದಲ್ಲಿ ಒಬ್ಬರೂ ಒಂದು ಮಾತು ಕೂಗಿ ಹೇಳುತ್ತಿರಲಿಲ್ಲ!

ಭಾವ ಒಂದು ಫಲಕವನ್ನು ಓದಿ ಹೇಳಿದರು. "ಇದು ಮೌನ ನಿಲ್ದಾಣ. ಇಲ್ಲಿ ಯಾವುದೇ ಘೋಷಣೆ ಇರುವುದಿಲ್ಲ. ಮಾಹಿತಿಗೆ ಪರದೆಗಳನ್ನು ನೋಡಿ."

ಅಡುಗೆಭಟ್ಟನೊಬ್ಬ ಒಲೆಯೇ ಇಲ್ಲದ ಅಡುಗೆಮನೆಗೆ ಕಾಲಿಟ್ಟರೆ ಹೇಗೆ ನಿಲ್ಲುತ್ತಾನೋ ಹಾಗೆ ಮೈಕಣ್ಣ ನಿಂತುಬಿಟ್ಟ.

"ನೋಡ್ದ್ಯಾ? ನಿನ್ನಂಥೋರಿಗೆ ಇಲ್ಲಿ ಕೆಲಸವೇ ಇಲ್ಲ," ಎಂದರು ಭಾವ. ಸಮಾಧಾನಕ್ಕೆಂದೇ ಹೇಳಿದ್ದರು, ಪಾಪ.

ತಪಾಸಣೆಯ ಕಡೆ ಎರಡನೆಯ ಫಜೀತಿ ಕಾದಿತ್ತು. ಮೈಕಣ್ಣ ತನ್ನ ಮೈಕನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಯಂತ್ರದ ಕಂಪನಿಯವರು ಓಡಾಡುವ ನಿಲ್ದಾಣದಲ್ಲಿ ಅದನ್ನು ಬಿಟ್ಟು ಬರಲು ಮನಸ್ಸಾಗದೆ, ವೈರಿನ ಸಮೇತ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಜೊತೆಗೇ ತಂದಿದ್ದ. ಟವೆಲ್ಲಿನೊಳಗಿನ ಆ ಕಬ್ಬಿಣದ ಗುಂಡುತಲೆ, ಅದರಿಂದ ಇಳಿಬಿದ್ದ ವೈರು ಪರದೆಯ ಮೇಲೆ ಮೂಡಿದ ಕೂಡಲೇ ಬೆಲ್ಟು ನಿಂತಿತು.

"ಇದೇನ್ರೀ ಇದು?" ಎಂದ ಕಾವಲಿನವನು.

ಮೈಕಣ್ಣ ಮುಷ್ಟಿಯನ್ನು ಬಾಯಿಯ ಹತ್ತಿರ ತಂದು ತೋರಿಸಿದ.

"ತಿನ್ನೋದಾ?"

ಮೈಕಣ್ಣ ಜೋರಾಗಿ ತಲೆಯಲ್ಲಾಡಿಸಿದ. ಬಾಯಗಲಿಸಿ, ಎರಡೂ ಕೈ ಚಾಚಿ, ದನಿ ದೂರದೂರಕ್ಕೆ ಹರಡುವುದನ್ನು ಅಭಿನಯಿಸಿದ. ಅದನ್ನು ನೋಡಿದ ಕಾವಲಿನವನು ಎರಡು ಹೆಜ್ಜೆ ಹಿಂದೆ ಸರಿದ.

"ಸಿಡಿಯೋದಾ?"

"ಅಯ್ಯೋ, ಅಲ್ಲ ಸಾರ್!" ಎಂದು ಭಾವ ನುಗ್ಗಿದರು. "ಅದು ಇವನ ಪ್ರಾಣ ಸಾರ್! ಇವನು ಅದನ್ನ ಹಿಡಿದ ಅಂದ್ರೆ ಇಡೀ ಬಸ್ ಸ್ಟ್ಯಾಂಡ್ ಖಾಲಿ! ಒಬ್ರೂ ಉಳಿಯಲ್ಲ!"

ಭಾವನ ಈ ಸಹಾಯದ ನಂತರ ಇನ್ನಿಬ್ಬರು ಕಾವಲಿನವರು ಬಂದರು. ಮೈಕನ್ನು ತಿರುಗಿಸಿದರು, ಬಡಿದರು, ಒಬ್ಬನಂತೂ ಮೂಸಿದ. ಕೊನೆಗೆ ಅವರಲ್ಲಿ ಹಿರಿಯನೊಬ್ಬ, "ಮೈಕ್ ಕಣ್ರೋ, ಬಿಡ್ರೋ. ಪಾಪ, ಮಾತೇ ಬರ್ದೋನು ಮೈಕ್ ಇಟ್ಕೊಂಡು ಓಡಾಡ್ತಾನೆ," ಎಂದು ಕನಿಕರದಿಂದ ವಾಪಸು ಕೊಟ್ಟ. ಇಷ್ಟು ವರ್ಷದ ಸೇವೆಯಲ್ಲಿ ಮೈಕಣ್ಣ ಇಂಥ ಮಾತು ಕೇಳಿರಲಿಲ್ಲ. ನುಂಗಿಕೊಂಡ. ಬೋರ್ಡಿಂಗ್ ಪಾಸು ಕಳೆದುಹೋದೀತೆಂದು ಅದನ್ನೂ ಅದೇ ಟವೆಲ್ಲಿನ ತುದಿಯ ಮಡಿಕೆಯೊಳಗೆ ಸುರುಳಿ ಸುತ್ತಿಕೊಂಡ.

"ಕಿಟಕಿ ಸೀಟು ಒಂದೇ ಇತ್ತು ಕಣೋ, ನನಗಂತ ತಗೊಂಡೆ. ನಿಂದು ಹಿಂದೆ ಎಲ್ಲೋ ಇದೆ," ಎಂದರು ಭಾವ.

ಗೇಟಿನ ಮುಂದೆ ಸಾಲುಸಾಲು ಕುರ್ಚಿ. ಮೈಕಣ್ಣನ ಎದುರಿಗೆ ಬೂದುಬಣ್ಣದ ಕೋಟಿನವರೊಬ್ಬರು ಕಾಫಿ ಹೀರುತ್ತ ಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಒಬ್ಬ ಅಜ್ಜಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡವರು, ಒಬ್ಬರೇ ಕೂತಿದ್ದರು.

"ಯಾರಪ್ಪಾ ಪಕ್ಕದಲ್ಲಿ? ನಮ್ಮೂರಿನ ವಿಮಾನ ಹತ್ತೋ ಕಡೆ ಇದೇನಾ? ಯಾರೋ ತಂದು ಕೂರಿಸಿದ್ರು. ಬಾಗಿಲಲ್ಲಿ ಬಿಟ್ಟು ಹೋಗೋವಾಗ ಮಗ, ಕೂಗ್ತಾರೆ, ಕೇಳಿಸ್ಕೊಂಡು ಹೋಗು ಅಂದ. ಇವರು ಕೂಗೋ ಹಾಗೇ ಕಾಣಲ್ಲ," ಎಂದರು ಅಜ್ಜಿ.

ಮೈಕಣ್ಣ ತಲೆಯಾಡಿಸಿದ. ಕಪ್ಪು ಕನ್ನಡಕದವರಿಗೆ ತಲೆಯಾಡಿಸಿ ಏನು ಫಲ?

"ಉತ್ತರ ಕೊಟ್ರೆ ಗಂಟೇನು ಹೋಗುತ್ತೆ? ಈಗಿನ ಜನವೇ ಇಷ್ಟು," ಎಂದು ಅಜ್ಜಿ ಮುಖ ತಿರುಗಿಸಿದರು. ಮೈಕಣ್ಣನಿಗೆ ಚುರುಕ್ಕೆಂದಿತು.

ಅಷ್ಟರಲ್ಲಿ ಕಂಬಗಳ ಮೇಲಿನ ಪರದೆಗಳು ಒಮ್ಮೆ ಮಿಟುಕಿ ಕಪ್ಪಾದವು. ಒಂದಲ್ಲ, ಎರಡಲ್ಲ, ಎಲ್ಲವೂ. ಮರುಕ್ಷಣ ಎಲ್ಲದರಲ್ಲೂ ಒಂದೇ ಸಾಲು ಕಾಣಿಸಿತು: "ದಯವಿಟ್ಟು ನಿರೀಕ್ಷಿಸಿ."

ನಿಲ್ದಾಣವೇ ನಿರೀಕ್ಷಿಸಿತು. ಕಿವಿಗೆ ತಂತಿ ಸಿಕ್ಕಿಸಿಕೊಂಡವರು ತಲೆ ಕೂಡ ಎತ್ತಲಿಲ್ಲ. ಕತ್ತಿಗೆ ನೀಲಿ ಸ್ಕಾರ್ಫು ಕಟ್ಟಿದ ವಿಮಾನ ಕಂಪನಿಯ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು. ಇವರ ವಿಮಾನಕ್ಕೆ ಗೇಟು ಬದಲಾಗಿತ್ತು. ಈ ಸಾಲಿನ ಕಟ್ಟಕಡೆಯ ಗೇಟಿನಲ್ಲಿ ಅದು ಆಗಲೇ ಬಾಗಿಲು ತೆರೆದು ನಿಂತಿತ್ತು.

"ದಯವಿಟ್ಟು... ಎಲ್ಲರೂ... ಕೊನೇ ಗೇಟಿಗೆ..." ಎಂದಳು. ಅವಳ ದನಿ ಎಷ್ಟು ನಯವೆಂದರೆ ಮೂರನೇ ಕುರ್ಚಿ ದಾಟುವಷ್ಟರಲ್ಲಿ ಕರಗಿಹೋಗುತ್ತಿತ್ತು. ಒಬ್ಬೊಬ್ಬರ ಭುಜ ಮುಟ್ಟಿ ಹೇಳತೊಡಗಿದಳು. ಮುಟ್ಟಿಸಿಕೊಂಡವರು ಇನ್ಯಾವುದೋ ಊರಿಗೆ ಹೊರಟವರಾಗಿದ್ದರು. ಕಾಲ ಮೀರುತ್ತಿತ್ತು, ಅವಳ ಕಣ್ಣು ತುಂಬಿಕೊಂಡಿತು. ಗಾಬರಿಯಲ್ಲಿ ಎದ್ದ ಅಜ್ಜಿ ಕೈಚೀಲ ಎದೆಗವಚಿಕೊಂಡು, ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ನಡೆಯತೊಡಗಿದರು.

ಮೈಕಣ್ಣನ ಗಂಟಲಲ್ಲಿ ಏನೋ ಮೇಲೆದ್ದು ಬಂತು. ಹೆಂಡತಿಯ ಮಾತು ನೆನೆದು ಅದುಮಿದ. ಮತ್ತೆ ಎದ್ದಿತು. ಯಂತ್ರದಮ್ಮನನ್ನು ನೆನೆದು ಮತ್ತೆ ಅದುಮಿದ. ಅಜ್ಜಿ ಇನ್ನೂ ನಾಲ್ಕು ಹೆಜ್ಜೆ ತಪ್ಪು ದಾರಿಯಲ್ಲಿ ಹೋದರು. ಕೂಗಬೇಕಾದವನು ಕೂಗದೆ ಕೂತರೆ ತಪ್ಪು ಬಸ್ಸು ಹತ್ತಿದವರ ಗತಿ ಏನೆಂದು ಅವನಷ್ಟು ಬಲ್ಲವರು ಯಾರು? ಟವೆಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮೈಕು ಕೈಗೆ ತೆಗೆದುಕೊಂಡ. ಅದಿಲ್ಲದೆ ಅವನಿಗೆ ಮಾತು ಓಡುತ್ತಿರಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತ.

"ಪ್ರಯಾಣಿಕರ ಗಮನಕ್ಕೆ!"

ಆ ದನಿ ಸೂರಿಗೆ ಬಡಿದು, ಗಾಜುಗಳನ್ನು ನಡುಗಿಸಿ, ನಡೆಯುವ ದಾರಿಯ ಆಚೆ ತುದಿಯಲ್ಲಿ ಸುಗಂಧ ಮಾರುತ್ತಿದ್ದವಳ ಕೈಯಿಂದ ಬಾಟಲಿ ಬೀಳಿಸಿತು. ಕಿವಿಯ ತಂತಿಗಳು ತಾವಾಗಿ ಕಳಚಿ ಬಿದ್ದವು. ಬೂದು ಕೋಟಿನವರ ಕಾಫಿ ಪತ್ರಿಕೆಯ ಮೇಲೆ ಚೆಲ್ಲಿತು. ಬೆಳಗಿನಿಂದ ಸುಮ್ಮನಿದ್ದ ಗಂಟಲು ಆ ವಿಶ್ರಾಂತಿಯ ಬಡ್ಡಿಯನ್ನೆಲ್ಲ ಸೇರಿಸಿ ಒಮ್ಮೆಗೇ ತೀರಿಸುತ್ತಿದ್ದಂತಿತ್ತು.

"ನಮ್ಮೂರಿಗೆ ಹೋಗುವ ವಿಮಾನ ಕಟ್ಟಕಡೆಯ ಗೇಟಿನಲ್ಲಿ ಹೊರಡಲು ಸಿದ್ಧವಾಗಿ ನಿಂತಿದೆ! ಬೇಗ ಬೇಗ ಬನ್ನಿ! ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ! ಕಪ್ಪು ಕನ್ನಡಕದ ಅಜ್ಜೀ, ನಿಲ್ಲಿ! ತಿರುಗಿ! ಹಾಂ, ಈಗ ನೇರ ನಡೀರಿ! ಹಸಿರು ಶರ್ಟಿನೋರೇ, ನೋಡ್ತಾ ನಿಂತ್ರೇನು, ಅಜ್ಜಿ ಕೈ ಹಿಡ್ಕೊಳ್ಳಿ!"

ಹಸಿರು ಶರ್ಟಿನವನು ಓಡಿಹೋಗಿ ಅಜ್ಜಿಯ ಕೈ ಹಿಡಿದ. ಜನ ಎದ್ದರು. ಇಡೀ ಸಾಲು ಎದ್ದಿತು. ಮೈಕಿನ ವೈರಿನ ತುದಿ ಗಾಳಿಯಲ್ಲಿ ತೂಗುತ್ತಿತ್ತು. ನೀಲಿ ಸ್ಕಾರ್ಫಿನ ಹುಡುಗಿ ಅದನ್ನು ಎಲ್ಲಿಗೆ ಸಿಕ್ಕಿಸುವುದೆಂದು ತಿಳಿಯದೆ ಭಕ್ತಿಯಿಂದ ಕೈಯಲ್ಲೇ ಹಿಡಿದು ನಿಂತಳು.

"ಭಲೇ!" ಎಂದು ಕೂಗಿದರು ಭಾವ. "ನಿನ್ನ ಬ್ಯಾಗೂ ನಾನೇ ತಗೊಂಡೋಗಿ ಮೇಲೆ ಜಾಗ ಹಿಡೀತೀನಿ, ಬೇಗ ಬಾ!" ಎಂದವರೇ ಎಲ್ಲರಿಗಿಂತ ಮುಂದೆ ಓಡಿದರು.

ಮೈಕಣ್ಣನಿಗೆ ಬರಲು ಎಲ್ಲಿ ಪುರುಸೊತ್ತು? ಹಸಿರು ಸ್ಕಾರ್ಫಿನವಳೊಬ್ಬಳು ಬಂದು, "ಸಾರ್, ನಮ್ಮದೂ ಸ್ವಲ್ಪ ಕೂಗ್ತೀರಾ?" ಎಂದಳು. ಕೂಗಿದ. ಟೈ ಕಟ್ಟಿದವನೊಬ್ಬ ಬಂದ. ಅವನದನ್ನೂ ಕೂಗಿದ. ಸಮುದ್ರ ದಾಟುವ ವಿಮಾನಕ್ಕೆ "ನಿಂತು ಪ್ರಯಾಣ ಮಾಡುವವರು ಕಂಬಿ ಹಿಡಿದುಕೊಳ್ಳಿ" ಎಂದೂ ಅಭ್ಯಾಸಬಲದಿಂದ ಸೇರಿಸಿದ, ಯಾರೂ ಆಕ್ಷೇಪಿಸಲಿಲ್ಲ. ಮೌನ ನಿಲ್ದಾಣ ಅವನ ಬಾಯಿಯ ಬಡಿತಕ್ಕೆ ಹೆಜ್ಜೆ ಹಾಕಿತು. ತಪಾಸಣೆಯ ಹಿರಿಯ ಕಾವಲಿನವನು ಅಲ್ಲಿಯವರೆಗೂ ಬಂದು, "ಅಯ್ಯೋ, ಮಾತು ಬಂದ್ಬಿಡ್ತು ಕಣ್ರೋ!" ಎಂದು ಕೆನ್ನೆ ಹಿಡಿದುಕೊಂಡ. ಬೂದು ಕೋಟಿನವರು ಮಾತ್ರ ಅವಸರ ಮಾಡದೆ ಸಾಲಿನ ಕೊನೆಯಲ್ಲಿ ನಿಂತು, ಫೋನನ್ನು ಮೈಕಣ್ಣನ ಕಡೆಗೆ ಹಿಡಿದುಕೊಂಡೇ ಮುಂದೆ ಸರಿಯುತ್ತಿದ್ದರು.

ನೀಲಿ ಸ್ಕಾರ್ಫಿನ ಹುಡುಗಿ ಗೇಟಿಗೆ ಹೋಗಿ ಓಡುತ್ತ ಮರಳಿದಳು. "ಅಣ್ಣಾ, ಎಲ್ಲಾ ಹತ್ತಿದ್ರು! ಒಬ್ಬರು ಮಾತ್ರ ಬಂದಿಲ್ಲ. ಹೆಸರು..."

"ಹೆಸರು ಬೇಡ ತಾಯಿ," ಎಂದು ಮೈಕಣ್ಣ ಕೈ ಎತ್ತಿ ತಡೆದ. "ನನ್ನ ಸರ್ವೀಸಲ್ಲಿ ಯಾರನ್ನೂ ಹೆಸರು ಹಿಡಿದು ಕೂಗಿಲ್ಲ. ಹೆಸರು ಕೂಗಿದ್ರೆ ಜನ ನಾಚಿಕೊಂಡು ಅವಿತ್ಕೋತಾರೆ. ಸೀಟ್ ನಂಬರ್ ಹೇಳು, ಸಾಕು."

"ಇಪ್ಪತ್ತೆರಡು ಸಿ."

ಮೈಕಣ್ಣ ಎದೆ ತುಂಬ ಉಸಿರೆಳೆದುಕೊಂಡ. "ಇಪ್ಪತ್ತೆರಡು ಸಿ ಪ್ರಯಾಣಿಕರೇ! ಎಲ್ಲಿದ್ದೀರಿ? ನಿಮಗೋಸ್ಕರ ಇಡೀ ವಿಮಾನ ಕಾಯ್ತಾ ಇದೆ!"

ಯಾರೂ ಬರಲಿಲ್ಲ.

"ಇಪ್ಪತ್ತೆರಡು ಸಿ! ಕಣ್ಣು ಕಾಣದ ಅಜ್ಜಿ ಹತ್ತಿ ಕೂತಾಯ್ತು, ನಿಮಗೇನು ಬಂದಿದೆ ಧಾಡಿ?"

ಸುತ್ತ ನಿಂತವರು ನಕ್ಕರು. ಹೌದು ಹೌದು, ಇಂಥವರು ಎಲ್ಲಾ ಕಡೆ ಒಬ್ಬರು ಇದ್ದೇ ಇರುತ್ತಾರೆ ಎಂದರು. ಮೈಕಣ್ಣ ಹೆಗಲ ಟವೆಲ್ಲಿನಿಂದ ಬೆವರು ಒರೆಸಿಕೊಂಡು, ಕೊನೆಯ ಸಲ ಕೂಗಿ, ನ್ಯಾಯಾಧೀಶನ ಗಾಂಭೀರ್ಯದಿಂದ ಕೈ ಬೀಸಿದ.

"ಒಬ್ಬರಿಗೋಸ್ಕರ ಎಲ್ಲರೂ ಕಾಯೋಕಾಗಲ್ಲ! ರೈಟ್, ರೈಟ್!"

ಬಾಗಿಲು ಮುಚ್ಚಿತು. ಗಾಜಿನಾಚೆ ವಿಮಾನ ಮೆಲ್ಲಗೆ ಹಿಂದೆ ಸರಿದು, ತಿರುಗಿ, ಓಡಿ, ಮೇಲೇರಿತು. ಪರದೆಗಳು ಮತ್ತೆ ಬೆಳಗಿದವು. ಜನ ಚಪ್ಪಾಳೆ ತಟ್ಟಿದರು. ಮೈಕಣ್ಣ ಕುರ್ಚಿಯಿಂದ ಇಳಿದು, ಇದು ತನ್ನ ಜೀವನದ ಅತ್ಯಂತ ದೊಡ್ಡ ದಿನ ಎಂದುಕೊಂಡ. ಸೊಗಸಾಗಿ ಹೊರಟ ವಿಮಾನವನ್ನು, ದಿನವೂ ಬಸ್ಸುಗಳನ್ನು ನೋಡುತ್ತಿದ್ದ ಹಾಗೆಯೇ, ಮರೆಯಾಗುವವರೆಗೂ ನೋಡಿದ.

"ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ," ಎಂದಳು ಹುಡುಗಿ. "ನೀವು ಯಾವ ವಿಮಾನಕ್ಕೆ ಹೋಗ್ಬೇಕು?"

ಮೈಕು ಸುತ್ತಲೆಂದು ಮೈಕಣ್ಣ ಟವೆಲ್ಲನ್ನು ಕೊಡವಿದ. ಅದರೊಳಗಿಂದ ಬೆವರಿಗೆ ಒದ್ದೆಯಾದ ಒಂದು ಚೀಟಿ ಜಾರಿ ಬಿತ್ತು. ಹುಡುಗಿ ಎತ್ತಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಮೆಲ್ಲಗೆ ಅವನ ಮುಖ ನೋಡಿದಳು.

ಇಪ್ಪತ್ತೆರಡು ಸಿ ಬಾಯಿ ತೆರೆದ. ಆದರೆ ಸ್ವರ ಹೊರಡಲಿಲ್ಲ. ಗಂಟಲಿನಲ್ಲಿ ಇದ್ದದ್ದೆಲ್ಲ ಖರ್ಚಾಗಿಹೋಗಿತ್ತು.

ಹುಡುಗಿ ಮರುದಿನ ಬೆಳಗಿನ ಮೊದಲ ವಿಮಾನದಲ್ಲಿ ಜಾಗ ಮಾಡಿಸಿಕೊಟ್ಟಳು, ಅವನ ಮನೆಗೂ ಸುದ್ದಿ ಮುಟ್ಟಿಸಿದಳು. ಹೆಂಡತಿ ಫೋನು ಮಾಡಿದಳು. "ಮಾತಾಡ್ರೀ! ಬೇಡ ಅಂದಾಗ ಊರೆಲ್ಲಾ ಕೇಳೋ ಹಾಗೆ ಕೂಗ್ತೀರಿ, ಬೇಕು ಅಂದಾಗ ಬಾಯಿ ಹೊಲ್ಕೊಂಡು ಕೂರ್ತೀರಿ! ನಾಳೆ ಏನ್ ಮಾಡ್ತೀರೀ? ಅಧಿಕಾರಿಗೆ ಕೈಸನ್ನೆ ಮಾಡಿ ತೋರಿಸ್ತೀರಾ?" ಮೈಕಣ್ಣ ಉಸಿರು ಬಿಟ್ಟ. ಅದು ಮಾತ್ರ ಅವಳಿಗೆ ಕೇಳಿಸಿತು.

ಬೆಳಿಗ್ಗೆ ವಿಮಾನ ಇಳಿದು, ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ ಬಸ್ ನಿಲ್ದಾಣಕ್ಕೆ ಬಂದ. ಹೊತ್ತು ಮೀರಿತ್ತು. ಯಂತ್ರದಮ್ಮ ಈಗಾಗಲೇ ಕುರ್ಚಿ ಏರಿರುತ್ತಾಳೆ. ಗೇಟಿನ ಒಳಗೆ ಕಾಲಿಟ್ಟನೋ ಇಲ್ಲವೋ, ಎಲ್ಲ ಸ್ಪೀಕರುಗಳೂ ಒಟ್ಟಿಗೆ ಗುಡುಗಿದವು.

"ಪ್ರಯಾಣಿಕರ ಗಮನಕ್ಕೆ! ಬೇಗ ಬೇಗ ಬನ್ನಿ!"

ಮೈಕಣ್ಣ ಬೆಚ್ಚಿಬಿದ್ದ. ಅದು ಅವನದೇ ದನಿ.

ಡ್ರೈವರು ಕಂಡಕ್ಟರುಗಳೆಲ್ಲ ಓಡಿಬಂದು ಅವನನ್ನು ಎತ್ತಿಕೊಂಡರು. ಬಸ್ಸುಗಳು ಹಾರನ್ನು ಬಾರಿಸಿದವು. ಕಚೇರಿಯ ಮೆಟ್ಟಿಲ ಮೇಲೆ ಹೆಂಡತಿ, ಭಾವ, ಅವರ ಪಕ್ಕದಲ್ಲಿ ಬೂದುಬಣ್ಣದ ಕೋಟಿನವರು ನಿಂತಿದ್ದರು.

"ನನ್ನ ಪಕ್ಕದ ಸೀಟೇ ಕಣೋ ಸಾಹೇಬರದು!" ಎಂದರು ಭಾವ. "ಆ ದನಿ ನನ್ನ ಹೆಂಡ್ತಿ ತಮ್ಮಂದು ಅಂದೆ. ಕುಣಿದುಬಿಟ್ರು! ನೀನು ಹಿಂದೆ ಕೂತಿದ್ದೀಯ ಅಂತ ಇಳಿದ ಮೇಲೆ ಎಷ್ಟು ಹುಡುಕಿದ್ವಿ ಗೊತ್ತಾ?"

ಬೂದು ಕೋಟಿನ ಆ ಹೊಸ ಅಧಿಕಾರಿ ಕೈ ಕುಲುಕಿದರು. "ನಿಮ್ಮಿಂದಾಗಿ ನಾನು ವಿಮಾನ ಹತ್ತಿದೆ. ಕೊನೇವರೆಗೂ ಫೋನಲ್ಲಿ ಹಿಡಿದುಕೊಂಡಿದ್ದೀನಿ. ವಿಮಾನದ ಬಾಗಿಲವರೆಗೂ ಕೇಳಿಸ್ತಾ ಇತ್ತು. ಕಂಪನಿಯವರಿಗೆ ಹೇಳ್ದೆ, ಈ ಹೆಂಗಸಿನ ದನಿ ತೆಗೀರಿ, ಹಾಕೋದಾದ್ರೆ ಇವರದ್ದೇ ಹಾಕಿ ಅಂತ. ಈಗ ಒಂದೇ ಕೂಗಿಗೆ ಇಡೀ ಬಸ್ ನಿಲ್ದಾಣ ಎದ್ದು ನಿಂತಿತು, ನೋಡಿದ್ರಲ್ಲಾ?"

ಯಂತ್ರದಮ್ಮ ಸೋತಿದ್ದಳು! ಮೈಕಣ್ಣನ ಕಣ್ಣಲ್ಲಿ ನೀರು ಬಂತು. ಮೈಕನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದ. ಶಿಳ್ಳೆಗಳು ಬಿದ್ದವು.

"ಗಂಟಲು ಸರಿಹೋದ ಮೇಲೆ ಎಲ್ಲಾ ಊರಿನ ಹೆಸರೂ ಒಂದ್ಸಲ ಹೇಳ್ಬಿಡಿ, ಯಂತ್ರಕ್ಕೆ ತುಂಬ್ಕೋತೀವಿ," ಎಂದರು ಅಧಿಕಾರಿ ಅಕ್ಕರೆಯಿಂದ. "ಆಮೇಲೆ ನೀವು ಮೈಕ್ ಮುಂದೆ ಕೂತು ಕಷ್ಟಪಡೋದೇ ಬೇಡ. ಆ ಕುರ್ಚಿ ಯಂತ್ರಕ್ಕಿರಲಿ. ನೀವು ವಿಚಾರಣೆ ಕಿಟಕೀಲಿ ಆರಾಮಾಗಿ ಕೂತ್ಕೊಳ್ಳಿ."

ಎತ್ತಿದ ಕೈ ಹಾಗೆಯೇ ನಿಂತಿತು.

"ಅಂತೂ ಗಂಟಲಿಗೆ ವಿಶ್ರಾಂತಿ ಸಿಕ್ತು," ಎಂದಳು ಹೆಂಡತಿ.

ವಿಚಾರಣೆ ಕಿಟಕಿಯ ಸ್ಟೂಲಿನ ಮೇಲೆ ಕೂತ ಮೈಕಣ್ಣನ ಮುಂದೆ ಬಂದ ಮೊದಲ ಪ್ರಯಾಣಿಕರು ಕಪ್ಪು ಕನ್ನಡಕದ ಅಜ್ಜಿ. ತಂಗಿಯ ಮನೆಗೆ ಹೊರಟಿದ್ದರಂತೆ. ಮೈಕಣ್ಣ ಪ್ರಯತ್ನಪಟ್ಟು, ಉಸಿರಿನಲ್ಲೇ, "ಅಜ್ಜೀ, ಆ ಬಸ್ಸು..." ಎಂದು ಶುರುಮಾಡಿದ.

"ಶ್! ಸ್ವಲ್ಪ ಸುಮ್ನಿರಪ್ಪಾ ನೀನು!" ಎಂದು ಅಜ್ಜಿ ಬೆರಳೆತ್ತಿ ಗದರಿದರು. "ಮೇಲೆ ಕೂಗ್ತಾ ಇದ್ದಾನಲ್ಲ, ನಿನ್ನೆ ನನ್ನನ್ನ ವಿಮಾನ ಹತ್ತಿಸಿದ ಪುಣ್ಯಾತ್ಮ ಅವನೇ. ಅವನೇನು ಹೇಳ್ತಾನೆ ಕೇಳ್ಬೇಕು."

ಮೈಕಣ್ಣ ಬಾಯಿ ಮುಚ್ಚಿದ. ಇಬ್ಬರೂ ತಲೆಯೆತ್ತಿ ಸ್ಪೀಕರಿಗೆ ಕಿವಿಗೊಟ್ಟರು.

"ಒಬ್ಬರಿಗೋಸ್ಕರ ಎಲ್ಲರೂ ಕಾಯೋಕಾಗಲ್ಲ!" ಎಂದಿತು ಆ ಭವ್ಯವಾದ ದನಿ. "ರೈಟ್, ರೈಟ್!"